ತಲಕಾಡಿನಲ್ಲಿ ಮೊದಲು ಮರಳು, ಆಮೇಲೆ ನೀರು

ಬೆಂಗಳೂರಿನ ವಿಜಯನಗರದ ನಮ್ಮಂಥವರಿಗೆ ಸಮುದ್ರ ದೂರ. ಮಕ್ಕಳು ಮರಳಿಗಾಗಿ ಹಟ ಹಿಡಿದಾಗ ನಾವು ಹೊರಡುವುದು ತಲಕಾಡಿಗೆ. ಕೆಂಗೇರಿ ದಾಟಿ, ಮದ್ದೂರಿನಲ್ಲಿ ಎಡಕ್ಕೆ ಹೊರಳಿ, ಮಳವಳ್ಳಿ ಹಾದರೆ ಬೆಳಗಿನ ತಿಂಡಿಯ ಹೊತ್ತಿಗೆ ಕಾವೇರಿ ದಂಡೆಯಲ್ಲಿರಬಹುದು. ವರ್ಷಗಟ್ಟಲೆ ಹೋಗಿ ಬಂದು ಕಲಿತದ್ದನ್ನು ಹೊಸದಾಗಿ ಹೊರಡುವವರಿಗೆ ಹೇಳುತ್ತೇನೆ.

ಹೆಚ್ಚಿನವರು ಕಾರಿನಿಂದ ಇಳಿದವರೇ ನೀರಿಗೆ ಓಡುತ್ತಾರೆ. ಹಾಗೆ ಮಾಡಬೇಡಿ, ಮೊದಲು ಗುಡಿಗಳ ದಾರಿ ಹಿಡಿಯಿರಿ. ಚಪ್ಪಲಿ ಬಿಟ್ಟು ಮರಳ ದಿಬ್ಬಗಳ ನಡುವೆ ನಡೆಯಬೇಕು. ಬೆಳಿಗ್ಗೆ ಅಂಗಾಲಿಗೆ ತಂಪಾಗಿರುವ ಮರಳು ಮಧ್ಯಾಹ್ನಕ್ಕೆ ಕಾದ ಹೆಂಚು. ನಮ್ಮತ್ತೆಗೆ ದಪ್ಪ ಕಾಲುಚೀಲ ಹಾಕಿಸಿಯೇ ಕರೆದೊಯ್ಯುತ್ತೇವೆ.

ಪಾತಾಳೇಶ್ವರನ ಗುಡಿಗೆ ಮರಳಿನಿಂದ ಮೆಟ್ಟಿಲಿಳಿದು ಹೋಗುವಾಗ ಗಂಗರ ರಾಜಧಾನಿ ಎಷ್ಟು ಆಳದಲ್ಲಿ ಮಲಗಿದೆ ಎಂಬುದು ಮೈಗೆ ತಿಳಿಯುತ್ತದೆ. ಚೋಳರನ್ನು ಸೋಲಿಸಿ ತಲಕಾಡುಗೊಂಡ ಎಂಬ ಬಿರುದು ಪಡೆದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ ಮರಳು ನುಂಗಿತ್ತು. ಅದನ್ನು ಅಗೆದು, ಬಿಚ್ಚಿ, ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಅಲ್ಲಿ ಅರ್ಧ ಗಂಟೆಯಾದರೂ ಕೂರಿ.

ಇಷ್ಟು ಮರಳು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಬಳಿಕ, ಒಡವೆಗಳಿಗಾಗಿ ಬೆನ್ನಟ್ಟಿದವರನ್ನು ‘ತಲಕಾಡು ಮರಳಾಗಲಿ’ ಎಂದು ಶಪಿಸಿ ನದಿಗೆ ಹಾರಿದ ರಾಣಿ ಅಲಮೇಲಮ್ಮನ ಕಥೆಯನ್ನು ಹೇಳಲೇಬೇಕು. ಜೊತೆಗೆ ಗಾಳಿಯ ಕಥೆಯನ್ನೂ ಹೇಳಿ. ಇಲ್ಲಿ ನದಿ ಬಾಗುತ್ತದೆ. ನೀರು ಇಳಿದಾಗ ಪಾತ್ರದ ಮರಳು ಬಯಲಾಗುತ್ತದೆ. ಮುಂಗಾರಿನ ನೈರುತ್ಯ ಗಾಳಿ ಅದನ್ನು ಎತ್ತಿ ದಡಕ್ಕೆ ಸುರಿಯುತ್ತದೆ. ಮೇಲ್ಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಪಾತ್ರ ಒಣಗಿ ಮರಳು ಹೆಚ್ಚಿತು ಎಂಬುದು ಕೆ.ಎನ್. ಗಣೇಶಯ್ಯನವರಂಥ ವಿಜ್ಞಾನಿಗಳ ವಿವರಣೆ. ದಿಬ್ಬಗಳು ವರ್ಷಕ್ಕೆ 9–10 ಅಡಿ ಮುಂದೊತ್ತಿ ಬರುತ್ತಿದ್ದವು, ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ನನ್ನನ್ನು ಹೆಚ್ಚು ಕಾಡುವುದು ಶಾಪವಲ್ಲ, ಆ ಮನೆಗಳು. ಬಾಗಿಲಿಗೆ ಬಂದ ಮರಳನ್ನು ಪ್ರತಿದಿನ ಗುಡಿಸಿ, ಕೊನೆಗೊಂದು ದಿನ ಗುಡಿಸುವುದನ್ನು ನಿಲ್ಲಿಸಿ, ಪಾತ್ರೆ ಪಗಡ ಹೊತ್ತು ಹೊರಟ ಹೆಂಗಸರು ಯಾವ ಶಾಸನದಲ್ಲೂ ಇಲ್ಲ. ಈಗ ದಿಬ್ಬಗಳ ಮೇಲಿರುವ ನೀಲಗಿರಿ ಮರಗಳ ನೆರಳಲ್ಲಿ ಬುತ್ತಿ ಬಿಚ್ಚುವವರು ತಟ್ಟೆ, ಪ್ಲಾಸ್ಟಿಕ್ಕನ್ನು ಅಲ್ಲೇ ಹೂಳುವುದನ್ನು ಕಂಡರೆ ಸಂಕಟವಾಗುತ್ತದೆ. ಆ ನೆಲದಡಿ ಒಂದು ಊರಿದೆ.

ಇನ್ನು ನೀರು. ದಡದಲ್ಲಿ ನದಿ ಅಗಲವಾಗಿ, ಮೊಣಕಾಲುದ್ದ, ತಿಳಿಯಾಗಿ ಕಾಣುತ್ತದೆ. ಆದರೆ ಮೇಲೆ ತಿರುಮಕೂಡಲಿನಲ್ಲಿ ಕಪಿಲೆ (ಕಬಿನಿ) ಸೇರಿ ಬರುವ ನೀರಿದು. ಕಬಿನಿ ಜಲಾಶಯದಿಂದಲೋ ಕೃಷ್ಣರಾಜಸಾಗರದಿಂದಲೋ ನೀರು ಬಿಟ್ಟರೆ ಮಟ್ಟ ಏರುತ್ತದೆ. ಒಂದು ಹೆಜ್ಜೆ ಆಚೆ ಮಡುವಿರಬಹುದು, ಕಾಲಡಿಯ ಮರಳೇ ಜಾರಬಹುದು. ಪ್ರವಾಸಿಗರು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ತೆಪ್ಪದವರನ್ನೋ ಊರಿನವರನ್ನೋ ಕೇಳಿ, ಅವರು ತೋರಿಸಿದ ಜಾಗದಲ್ಲಷ್ಟೇ ಇಳಿಯಿರಿ. ಈಜು ಬರುತ್ತದೆಂಬ ಧೈರ್ಯ ಸ್ವಿಮ್ಮಿಂಗ್ ಪೂಲಿಗೆ ಸರಿ, ಇಲ್ಲಿಗಲ್ಲ. ಮಳೆಗಾಲದಲ್ಲಿ ನಾವು ನೀರಿಗೆ ಇಳಿಯುವುದೇ ಇಲ್ಲ, ಮಕ್ಕಳು ಎಷ್ಟೇ ಅತ್ತರೂ.

ಹಿರಿಯರಿಗೆ ತಲಕಾಡಿನ ಪಂಚಲಿಂಗಗಳಲ್ಲಿ ಐದರ ದರ್ಶನವೂ ಬೇಕೆಂದರೆ ವಿಜಯಪುರದ ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ ಇಬ್ಬರನ್ನೂ ಸೇರಿಸಿ ಪೂರ್ತಿ ದಿನ ಇಟ್ಟುಕೊಳ್ಳಿ. 2013ರಲ್ಲಿ, 2020ರಲ್ಲಿ ನಡೆದಂತೆ ಪಂಚಲಿಂಗ ದರ್ಶನದ ಉತ್ಸವ ಬರುವ ವರ್ಷ, ಆ ಕಾರ್ತಿಕ ಸೋಮವಾರ ಮಾತ್ರ ಆಟದ ಯೋಚನೆ ಬೇಡ. ಅವತ್ತು ಈ ದಂಡೆ ಭಕ್ತರದು.