ಬಯಲಿನಲ್ಲಿಟ್ಟ ಬೀಗ

ಸಂದೇಶವನ್ನು ಅನ್ಯರು ಓದದಂತೆ ಮರೆಮಾಡುವ ವಿದ್ಯೆಯು ಬಹು ಪ್ರಾಚೀನವಾದುದು. ರೋಮಿನ ಜೂಲಿಯಸ್ ಸೀಸರನು ಪ್ರತಿಯೊಂದು ಅಕ್ಷರಕ್ಕೆ ಬದಲಾಗಿ ವರ್ಣಮಾಲೆಯಲ್ಲಿ ಅದರ ಮುಂದಿನ ಮೂರನೆಯ ಅಕ್ಷರವನ್ನು ಬರೆಯುತ್ತಿದ್ದನು. ಇಂತಹ ಗೂಢಲಿಪಿಗಳಿಗೆಲ್ಲ ಒಂದೇ ತೊಡಕು. ಬರೆಯುವವನಿಗೂ ಓದುವವನಿಗೂ ಗುಟ್ಟು ಮೊದಲೇ ತಿಳಿದಿರಬೇಕು. ದೂರದಲ್ಲಿರುವವನಿಗೆ ಆ ಗುಟ್ಟನ್ನು ಮುಟ್ಟಿಸುವುದಾದರೂ ಹೇಗೆ? ದೂತನು ಶತ್ರುವಿಗೆ ಸೆರೆಸಿಕ್ಕರೆ ಎಲ್ಲವೂ ಬಯಲಾಯಿತು!

ಈ ತೊಡಕನ್ನು ಬಿಡಿಸುವ ದಾರಿಯನ್ನು 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬ ವಿದ್ವಾಂಸರು ಪ್ರಕಟಿಸಿದರು. ಅದುಮಿದೊಡನೆ ಮುಚ್ಚಿಕೊಳ್ಳುವ ಬೀಗವನ್ನು ನೆನೆಯಿರಿ. ಅದನ್ನು ಯಾರು ಬೇಕಾದರೂ ಹಾಕಬಹುದು. ತೆಗೆಯಲು ಮಾತ್ರ ಒಡೆಯನ ಕೀಲಿಕೈಯೇ ಬೇಕು. ಹಾಗಾದರೆ ಬೀಗವನ್ನು ಊರಿಗೆಲ್ಲ ಹಂಚಿ, ಕೀಲಿಕೈಯನ್ನು ತನ್ನ ಬಳಿಯಲ್ಲಿಯೇ ಇಟ್ಟುಕೊಂಡರಾಗದೆ? ಮರುವರ್ಷ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅಂತಹ ಬೀಗವನ್ನು ಗಣಿತದಲ್ಲಿ ರಚಿಸಿ ತೋರಿಸಿದರು. 71 ಮತ್ತು 83 ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ 5893 ಎನ್ನುವುದು ಸುಲಭ. 5893ನ್ನಷ್ಟೇ ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ಬಹಳ ಹೊತ್ತು ತಡಕಾಡಬೇಕು. ನೂರಾರು ಅಂಕಿಗಳ ಸಂಖ್ಯೆಗಳಾದರೆ ಗಣಕಯಂತ್ರಗಳೂ ಸೋಲುತ್ತವೆ. ಇಲ್ಲಿ ಗುಣಲಬ್ಧವು ಬೀಗ, ಅಪವರ್ತನಗಳು ಕೀಲಿಕೈ.

ಆದರೆ ಗೂಢಲಿಪಿಯು ಅಲ್ಲಿಯವರೆಗೆ ಬಹುಮಟ್ಟಿಗೆ ಸರ್ಕಾರಗಳ ಸ್ವತ್ತಾಗಿತ್ತು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ನೌಕರರೊಬ್ಬರು, ಇಂತಹ ಪ್ರಬಂಧಗಳನ್ನು ಪ್ರಕಟಿಸಿದರೆ ಶಸ್ತ್ರಾಸ್ತ್ರಗಳ ರಫ್ತಿನ ಕಾನೂನನ್ನು ಉಲ್ಲಂಘಿಸಿದಂತಾದೀತೆಂದು ಎಂಜಿನಿಯರುಗಳ ಸಂಘಕ್ಕೆ ಪತ್ರ ಬರೆದರು. ಆ ವರ್ಷದ ಅಕ್ಟೋಬರಿನಲ್ಲಿ ಇಥಾಕಾ ನಗರದಲ್ಲಿ ವಿದ್ವಾಂಸರ ಸಮ್ಮೇಳನವಿತ್ತು. ಹೆಲ್ಮನ್ನರ ಶಿಷ್ಯರಾದ ರಾಲ್ಫ್ ಮರ್ಕಲ್ ಮತ್ತು ಸ್ಟೀಫನ್ ಪೋಲಿಗ್ ಅಲ್ಲಿ ಪ್ರಬಂಧಗಳನ್ನು ಮಂಡಿಸಬೇಕಾಗಿತ್ತು. ಮೊಕದ್ದಮೆಯೇನಾದರೂ ಹೂಡಲ್ಪಟ್ಟರೆ ಅಧ್ಯಾಪಕರು ತಾಳಿಕೊಳ್ಳಬಲ್ಲರು, ವಿದ್ಯಾರ್ಥಿಗಳ ಭವಿಷ್ಯವು ಮಾತ್ರ ಕೆಟ್ಟೀತೆಂದು ವಿಶ್ವವಿದ್ಯಾನಿಲಯದ ವಕೀಲರು ಸೂಚಿಸಿದರು. ಆದುದರಿಂದ ಹೆಲ್ಮನ್ನರು ತಾವೇ ವೇದಿಕೆಯ ಮೇಲೆ ನಿಂತು ವಿಷಯವನ್ನು ವಿವರಿಸಿದರು. ಶಿಷ್ಯರು ಅವರ ಪಕ್ಕದಲ್ಲಿ ಮೌನವಾಗಿ ನಿಂತಿದ್ದರು. ತುಟಿ ಬಿಚ್ಚದೆ ಪ್ರಬಂಧ ಮಂಡಿಸಿದ ವಿದ್ಯಾರ್ಥಿಗಳು ಲೋಕದಲ್ಲಿ ವಿರಳವೇ ಸರಿ. ಅವರಲ್ಲಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಹೀಗೆ ಬಯಲಿಗೆ ಬಂದ ಬೀಗವನ್ನು ಜಗತ್ತೆಲ್ಲ ಅಲುಗಿಸಿ ನೋಡಿತು. 1977ರಲ್ಲಿ ಒಡ್ಡಿದ್ದ 129 ಅಂಕಿಗಳ ಸಂಖ್ಯೆಯೊಂದನ್ನು 1994ರಲ್ಲಿ ಸುಮಾರು 600 ಮಂದಿ ಸ್ವಯಂಸೇವಕರು ಎಂಟು ತಿಂಗಳು ಗಣಕಯಂತ್ರಗಳನ್ನು ದುಡಿಸಿ ಒಡೆದರು. ಎಷ್ಟು ಅಂಕಿಗಳ ಬೀಗವು ಸಾಲದೆಂಬುದು ಇಂತಹ ಪ್ರಯತ್ನಗಳಿಂದಲೇ ಎಲ್ಲರಿಗೂ ತಿಳಿಯುತ್ತ ಬಂದಿತು. ಬೀಗಗಳು ಇನ್ನಷ್ಟು ದೊಡ್ಡವಾದವು.

ಈ ಗಣಿತವನ್ನೇ ಬ್ರಿಟನ್ನಿನ ಸರ್ಕಾರಿ ಗೂಢಲಿಪಿ ಕಚೇರಿಯಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬ ತರುಣ ಗಣಿತಜ್ಞರು 1973ರಲ್ಲಿಯೇ ಕಂಡುಹಿಡಿದಿದ್ದರು. ಕಚೇರಿಯು ಅದನ್ನು ಕಡತದೊಳಗೆ ಕಟ್ಟಿಟ್ಟಿತು. 1997ರಲ್ಲಿ ಆ ಕಡತವು ಹೊರಬಿದ್ದಾಗ, ಮೂವರು ಅಮೆರಿಕದಲ್ಲಿ ರಚಿಸಿದ ಬೀಗವು ದೇಶದೇಶಗಳ ಗಣಕಯಂತ್ರಗಳಲ್ಲಿ ಆಗಲೇ ಕೆಲಸ ಮಾಡುತ್ತಿತ್ತು.