ಮಹಾವೀರಾಚಾರ್ಯನ ಸಂಖ್ಯಾಹಾರ

ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಇದೊಂದು: 27994681 × 441. ಗುಣಲಬ್ಧ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಇಂಥ ಕೆಲವು ಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿರುವುದು ಉಚಿತವೇ ಆಗಿದೆ.

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 × 5291 = 111111. ಎಂದರೆ, ಈ ಹಾರವು 111111ರ ವರ್ಗವೇ. ಕಾಗದದ ಮೇಲೆ ಗುಣಿಸಿ ನೋಡಿರಿ: ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ; ನಡುವಣ ಸ್ಥಾನದಲ್ಲಿ ಆರು ಒಂದುಗಳು ಕೂಡುತ್ತವೆ, ಇಕ್ಕೆಲಗಳಲ್ಲಿ ಕ್ರಮವಾಗಿ ಒಂದೊಂದು ಕಡಿಮೆ. ಎಲ್ಲಿಯೂ ಮೊತ್ತವು 9ನ್ನು ಮೀರದುದರಿಂದ ದಶಕ ಒಯ್ಯಬೇಕಾಗಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತಾದೊಡನೆ ನಡುವಣ ದಶಕವು ಎಡಕ್ಕೆ ಸಾಗಿ ಹಾರವು ಹರಿಯುತ್ತದೆ: 1234567900987654321.