ಸಾಲು ಗೀರುಗಳು ಏನು ಹೇಳುತ್ತವೆ?



ಕೂರಿಗೆಯಿಂದ ಬಿತ್ತಿದ ಹೊಲವನ್ನು ನೀವು ನೋಡಿರುತ್ತೀರಿ. ಸಾಲುಗಳು ಒಂದರ ಪಕ್ಕ ಒಂದು, ಒಂದೇ ಕಡೆ ಹೋಗಿರುತ್ತವೆ. ಯಾವುದೇ ಮೇಲ್ಮೈ ಮೇಲೆ ಹೀಗೆ ಸಮಾಂತರವಾಗಿ ಮೂಡಿದ ಸಣ್ಣ ಗೀರುಗಳಿಗೆ ವಿಜ್ಞಾನದಲ್ಲಿ ‘ಸ್ಟ್ರೈಯೇಷನ್’ ಅಂತಾರೆ. ಲ್ಯಾಟಿನ್ ಭಾಷೆಯ ‘ಸ್ಟ್ರಿಯಾ’ ಎಂಬ ಪದದಿಂದ ಇದು ಬಂದಿದೆ. ಅದರ ಅರ್ಥ ಗೀರು, ಸಾಲು.

ಮಾಡಿ ನೋಡ್ರಿ: ಒಂದು ಸಣ್ಣ ಹಲಗೆ ತುಂಡಿನ ಒಂದು ಮುಖಕ್ಕೆ ಗೋಂದು ಹಚ್ಚಿ ದಪ್ಪ ಮರಳು ಅಂಟಿಸಿ. ಒಣಗಿದ ಮೇಲೆ ಸಾಬೂನಿನ ಮೇಲೆ ಒತ್ತಿ, ಒಂದೇ ದಿಕ್ಕಿಗೆ ಎಳೆಯಿರಿ. ಸಾಲು ಗೀರು ಮೂಡುತ್ತವೆ. ಮರಳಿಲ್ಲದ ನುಣುಪು ಮುಖದಿಂದ ಎಳೆದರೆ ಅಂಥ ಗೀರು ಬೀಳೋದಿಲ್ಲ.

ಹಿಮನದಿಯೂ ಹೀಗೆಯೇ. ಬಂಡೆಯನ್ನು ಗೀರುವುದು ಬರೀ ಮಂಜುಗಡ್ಡೆಯಲ್ಲ, ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲು, ಮರಳು. ಮಂಜು ಕರಗಿ ಹೋದರೂ ಗೀರು ಉಳಿಯುತ್ತದೆ.

ಬೇಸಿಗೆಯಲ್ಲಿ ಕಾದ ಹಂಚಿನಂತಾಗುವ ಮಹಾರಾಷ್ಟ್ರದ ಚಂದ್ರಪುರ ನಿಮಗೆ ಗೊತ್ತು. ಅದರ ಹತ್ತಿರದ ಇರೈ ಎಂಬಲ್ಲಿ ಸುಣ್ಣಕಲ್ಲಿನ ಬಂಡೆಯ ಮೇಲೆ ಇಂಥ ಗೀರುಗಳಿವೆ. ಫೆಡೆನ್ ಎಂಬ ಭೂವಿಜ್ಞಾನಿ 1875ರಲ್ಲಿ ಅವುಗಳ ಬಗ್ಗೆ ಬರೆದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಅಲ್ಲಿ ಹಿಮನದಿ ಹರಿದಿತ್ತು! ಆಗಿನ ಹಿಮದ ಗುರುತುಗಳು ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾದಲ್ಲೂ ಸಿಕ್ಕಿವೆ. ಈ ಭೂಭಾಗಗಳೆಲ್ಲ ಗೊಂಡ್ವಾನ ಎಂಬ ಒಂದೇ ನೆಲವಾಗಿ ದಕ್ಷಿಣ ಧ್ರುವದ ಕಡೆಗೆ ಇದ್ದವು ಎಂದುಕೊಂಡರೆ ಒಗಟು ಬಿಡಿಸುತ್ತದೆ. 1912ರಲ್ಲಿ ಖಂಡಗಳ ಚಲನೆಯ ವಾದ ಮಂಡಿಸಿದ ವೆಗೆನರ್ ಅವರಿಗೆ ಈ ಹಿಮದ ಗುರುತುಗಳು ದೊಡ್ಡ ಸಾಕ್ಷಿಯಾದವು.

ಆದರೆ ಗೀರು ಎಲ್ಲವನ್ನೂ ಹೇಳೋದಿಲ್ಲ. ಸಾಬೂನಿನ ಪುಡಿ ಊದಿ ತೆಗೆದು ಗೆಳೆಯರಿಗೆ ತೋರಿಸಿ, ಯಾವ ತುದಿಯಿಂದ ಎಳೆದಿರಿ ಎಂದು ಕೇಳಿ. ಹೇಳೋದು ಕಷ್ಟ. ಗೀರು ಉತ್ತರ–ದಕ್ಷಿಣವಾಗಿದ್ದರೆ ಹಿಮ ಉತ್ತರಕ್ಕೆ ಹೋಯಿತೋ ದಕ್ಷಿಣಕ್ಕೋ ಎಂದು ತಿಳಿಯಲು ಬೇರೆ ಸಾಕ್ಷಿಯೂ ಬೇಕು.

ಪೊಲೀಸ್ ತನಿಖೆಯಲ್ಲೂ ಇದು ಬಳಕೆಯಲ್ಲಿದೆ. ಬಂದೂಕಿನ ನಳಿಗೆಯೊಳಗಿನ ಸೂಕ್ಷ್ಮ ಏರುತಗ್ಗುಗಳು ಗುಂಡಿನ ಮೇಲೆ ಗೀರು ಬಿಡುತ್ತವೆ. ಸಿಕ್ಕ ಗುಂಡನ್ನೂ, ಅದೇ ಬಂದೂಕಿನಿಂದ ಪರೀಕ್ಷೆಗೆ ಹಾರಿಸಿದ ಗುಂಡನ್ನೂ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.

ಪರೀಕ್ಷೆಗೆ ಒಂದು ಎಚ್ಚರಿಕೆ. ಜೀವಶಾಸ್ತ್ರದಲ್ಲಿ ಕೈಕಾಲಿನ ಸ್ನಾಯು, ಹೃದಯದ ಸ್ನಾಯುಗಳಿಗೂ ‘ಸ್ಟ್ರೈಯೇಟೆಡ್’ ಎನ್ನುತ್ತಾರೆ. ಅಲ್ಲಿ ಗೀರೂ ಇಲ್ಲ, ಸವೆತವೂ ಇಲ್ಲ. ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳ ಜೋಡಣೆಯಿಂದ ಕಾಣುವ ಕಪ್ಪು–ಬಿಳುಪು ಪಟ್ಟೆಗಳು ಮಾತ್ರ. ಪದ ಒಂದೇ, ಕಾರಣ ಬೇರೆ. ಉತ್ತರ ಬರೆಯುವಾಗ ಇವನ್ನು ಕಲಸಬೇಡಿ.

ಮನೆಗೆಲಸ: ಬಾಗಿಲಿನಡಿ ಹರಳು ಸಿಕ್ಕಿ ನೆಲದ ಮೇಲೆ ಗೀರು ಬಿದ್ದಿರುವುದನ್ನು ಹುಡುಕಿ. ಅವು ನೇರವಾಗಿಲ್ಲ, ಬಿಲ್ಲಿನಂತೆ ಬಾಗಿವೆ. ಯಾಕೆ? ಚಿತ್ರ ಬರೆದು, ಕಾರಣದೊಂದಿಗೆ ನಿಮ್ಮ ಶಿಕ್ಷಕರಿಗೆ ತೋರಿಸ್ರಿ.